ಸಕಲ ಸಂತರ ಹಬ್ಬದ ಹಿಂದಿನ ಸಂಜೆ: ಹ್ಯಾಲೋವೀನಿನ ಕ್ರೈಸ್ತ ಮೂಲ ಮತ್ತು ಶ್ರೀರಂಗಪಟ್ಟಣ ಸೀಮೆಯ ಮೃತರು

ಅಕ್ಟೋಬರ್ ತಿಂಗಳ ಕೊನೆಯ ವಾರ ಬಂದಿತೆಂದರೆ ನಮ್ಮ ಧರ್ಮಕೇಂದ್ರಗಳ ಗುರುಗಳಿಗೂ ಉಪದೇಶಿಗಳಿಗೂ ಈಚೀಚೆಗೆ ಒಂದು ಪ್ರಶ್ನೆ ಎದುರಾಗುತ್ತಿದೆ. 31ರಂದು ಮಗು ದೆವ್ವದ ವೇಷ ಧರಿಸಿ ಬರಬೇಕೆಂದು ಶಾಲೆಯಿಂದ ಚೀಟಿ ಬಂದಿದೆ. ಕಳುಹಿಸಿದರೆ ಪಾಪವಾಗುವುದೇ ಎಂದು ತಾಯಿಯೊಬ್ಬಳು ಕೇಳುತ್ತಾಳೆ. ಹ್ಯಾಲೋವೀನ್ ನಮ್ಮದೇ ಹಬ್ಬವಲ್ಲವೇ, ಅದಕ್ಕೇಕೆ ಇಷ್ಟು ಅಂಜಿಕೆ ಎಂದು ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ತರುಣನೊಬ್ಬ ವಾದಿಸುತ್ತಾನೆ. ಇಬ್ಬರ ಮಾತಿನಲ್ಲಿಯೂ ಸತ್ಯದ ಒಂದೊಂದು ಅಂಶವಿದೆ. ಆದರೆ ಇಬ್ಬರಿಗೂ ಆ ದಿನದ ಇತಿಹಾಸ ಪೂರ್ತಿಯಾಗಿ ತಿಳಿದಿಲ್ಲ.

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ತಾಲ್ಲೂಕುಗಳಲ್ಲಿ ಈ ಪ್ರಶ್ನೆಗೆ ಮೂರನೆಯದೊಂದು ಮುಖವೂ ಉಂಟು. ಇಲ್ಲಿ ಕ್ರೈಸ್ತರ ಸಂಖ್ಯೆ ಬಹು ಕಡಿಮೆ. ಹ್ಯಾಲೋವೀನಿಗೆ ಕೆಲವೇ ವಾರಗಳ ಮುಂಚೆ ಪಿತೃಪಕ್ಷ ಕಳೆದಿರುತ್ತದೆ. ನೆರೆಮನೆಗಳಲ್ಲಿ ಹಿರಿಯರಿಗೆ ಎಡೆ ಇಟ್ಟು ಧೂಪ ಹಾಕಿರುತ್ತಾರೆ. ಹೀಗೆ ಕಥೋಲಿಕ ಮಗುವೊಂದು ಎರಡು ತಿಂಗಳೊಳಗೆ ನೆರೆಮನೆಯಲ್ಲಿ ಎಡೆಯನ್ನು, ಶಾಲೆಯಲ್ಲಿ ದೆವ್ವದ ಮುಖವಾಡವನ್ನು, ನವೆಂಬರ್ 2ರಂದು ಸಮಾಧಿಯ ಮೇಲೆ ಮೇಣದ ಬತ್ತಿಯನ್ನು ಕಾಣುತ್ತದೆ. ಮೃತರೊಡನೆ ಮನುಷ್ಯನಿಗಿರುವ ಸಂಬಂಧವನ್ನು ಮೂರು ಬಗೆಯಾಗಿ ಹೇಳುವ ಈ ಮೂರು ಆಚರಣೆಗಳಲ್ಲಿ ತನ್ನದು ಯಾವುದು, ಏಕೆ ಎಂಬುದನ್ನು ಆ ಮಗುವಿಗೆ ವಿವರಿಸಬೇಕಾದ ಹೊಣೆ ನಮ್ಮದು. ಆ ವಿವರಣೆಗೆ ನೆರವಾಗಲೆಂದು ಈ ಲೇಖನ.

1. ಹೆಸರು ಮತ್ತು ಸಂಜೆ

ಹ್ಯಾಲೋವೀನ್ ಎಂಬ ಪದ ಹಳೆಯ ಆಂಗ್ಲ ಭಾಷೆಯ ಎರಡು ಮಾತುಗಳ ಸಂಕ್ಷಿಪ್ತ ರೂಪ. ‘ಹ್ಯಾಲೋ’ ಎಂದರೆ ಪವಿತ್ರ ವ್ಯಕ್ತಿ, ಸಂತ. ‘ಈವನ್’ ಎಂದರೆ ಸಂಜೆ. ಎರಡೂ ಸೇರಿದಾಗ ‘ಸಕಲ ಸಂತರ ಹಬ್ಬದ ಹಿಂದಿನ ಸಂಜೆ’ ಎಂದಾಗುತ್ತದೆ. ಪದದಲ್ಲಿ ದೆವ್ವವೂ ಇಲ್ಲ, ಮಾಟವೂ ಇಲ್ಲ. ನವೆಂಬರ್ 1ರ ಸಕಲ ಸಂತರ ಮಹೋತ್ಸವವಿಲ್ಲದಿದ್ದರೆ ಈ ಹೆಸರೇ ಹುಟ್ಟುತ್ತಿರಲಿಲ್ಲ.

ಹಬ್ಬ ಹಿಂದಿನ ಸಂಜೆಯೇ ಆರಂಭವಾಗುವುದು ಧರ್ಮಸಭೆ ಯೆಹೂದ್ಯರಿಂದ ಪಡೆದ ಬಳುವಳಿ. ಆದಿಕಾಂಡದ ಸೃಷ್ಟಿವೃತ್ತಾಂತದಲ್ಲಿ ಪ್ರತಿಯೊಂದು ದಿನವನ್ನೂ ಸಂಜೆಯಿಂದ ಬೆಳಗಿನವರೆಗೆ ಎಣಿಸಲಾಗಿದೆ. ಪಾಸ್ಖ ಜಾಗರಣೆಯೂ ಕ್ರಿಸ್ತಜಯಂತಿಯ ರಾತ್ರಿಯ ಬಲಿಪೂಜೆಯೂ ಇದೇ ಕ್ರಮವನ್ನು ಅನುಸರಿಸುತ್ತವೆ. ಸಕಲ ಸಂತರ ಹಬ್ಬಕ್ಕೂ ಒಂದು ಕಾಲದಲ್ಲಿ ಉಪವಾಸ ಸಹಿತವಾದ ಜಾಗರಣೆ ಇದ್ದಿತು. 1955ರಲ್ಲಿ ಜಗದ್ಗುರು 12ನೆಯ ಪಿಯುಸರ ಕಾಲದ ಸುಧಾರಣೆಯಲ್ಲಿ ದೈವಾರಾಧನೆಯ ಪಂಚಾಂಗವನ್ನು ಸರಳಗೊಳಿಸುವಾಗ ಆ ಜಾಗರಣೆಯನ್ನೂ ಹಬ್ಬದ ಎಂಟು ದಿನಗಳ ಆಚರಣೆಯನ್ನೂ ಕೈಬಿಡಲಾಯಿತು. ಇಂದು ಉಳಿದಿರುವುದು ಅಂದಿನ ಸಂಜೆಯ ಪ್ರಾರ್ಥನೆ ಮಾತ್ರ. ಧರ್ಮಸಭೆ ತನ್ನ ಸಂಜೆಯನ್ನು ಬರಿದಾಗಿಸಿದ ಕಾಲದಲ್ಲಿಯೇ ಲೋಕದ ವ್ಯಾಪಾರ ಅದನ್ನು ತುಂಬತೊಡಗಿತೆಂಬುದು ಯೋಚಿಸತಕ್ಕ ಸಂಗತಿ.

2. ಹುತಾತ್ಮರ ಸಮಾಧಿಯಿಂದ ಸಕಲ ಸಂತರವರೆಗೆ

ಈ ಹಬ್ಬದ ಬೇರು ಇರುವುದು ಸಮಾಧಿಯ ಬಳಿಯಲ್ಲಿ. 2ನೆಯ ಶತಮಾನದ ಮಧ್ಯಭಾಗದಲ್ಲಿ ಸ್ಮುರ್ನದ ಧರ್ಮಾಧ್ಯಕ್ಷ ಪೊಲಿಕಾರ್ಪರು ಬೆಂಕಿಗೆ ಆಹುತಿಯಾದಾಗ ಅಲ್ಲಿನ ವಿಶ್ವಾಸಿಗಳು ಅವರ ಎಲುಬುಗಳನ್ನು ಆಯ್ದು ತಕ್ಕ ಸ್ಥಳದಲ್ಲಿರಿಸಿ, ಅವರು ಮಡಿದ ದಿನವನ್ನು ಅವರ ಜನ್ಮದಿನವೆಂದು ಪ್ರತಿವರ್ಷ ಕೂಡಿ ಆಚರಿಸಲು ನಿಶ್ಚಯಿಸಿದರು. ಮರಣದ ದಿನವನ್ನು ಜನ್ಮದಿನವೆಂದು ಕರೆದುದರಲ್ಲಿ ಕ್ರೈಸ್ತ ವಿಶ್ವಾಸದ ಸಾರವೇ ಅಡಗಿದೆ. ಹಿಂಸೆ ಹೆಚ್ಚಿದಂತೆ ಹುತಾತ್ಮರ ಸಂಖ್ಯೆಯೂ ಬೆಳೆಯಿತು. ಒಬ್ಬೊಬ್ಬರಿಗೂ ಒಂದೊಂದು ದಿನ ಎಂಬ ಕ್ರಮ ಸಾಲದಾಯಿತು. ಎಷ್ಟೋ ಮಂದಿಯ ಹೆಸರೂ ತಿಳಿಯದಾಯಿತು. ಆಗ ಎಲ್ಲರನ್ನೂ ಒಟ್ಟಾಗಿ ಸ್ಮರಿಸುವ ಒಂದು ದಿನ ಬೇಕಾಯಿತು. ಪೂರ್ವದ ಸಭೆಗಳಲ್ಲಿ 4ನೆಯ ಶತಮಾನದಲ್ಲಿಯೇ ಇಂಥ ಸ್ಮರಣೆ ಕಂಡುಬರುತ್ತದೆ. ಸಂತ ಜಾನ್ ಕ್ರಿಸೋಸ್ತೋಮರು ಸಕಲ ಹುತಾತ್ಮರ ಹಬ್ಬದಲ್ಲಿ ನೀಡಿದ ಪ್ರಬೋಧನೆ ಉಳಿದುಬಂದಿದೆ. ಪಂಚಾಶತ್ತಮ ಹಬ್ಬದ ನಂತರದ ಭಾನುವಾರವನ್ನು ಬೈಜಾಂಟಿಯನ್ ಪರಂಪರೆಯ ಸಭೆಗಳು ಇಂದಿಗೂ ಸಕಲ ಸಂತರ ದಿನವಾಗಿ ಆಚರಿಸುತ್ತವೆ.

ಪಶ್ಚಿಮದಲ್ಲಿ, ರೋಮನರು ತಮ್ಮ ದೇವತೆಗಳಿಗಾಗಿ ಕಟ್ಟಿದ್ದ ಪಾಂಥಿಯನ್ ಮಂದಿರವನ್ನು ಜಗದ್ಗುರು 4ನೆಯ ಬೊನಿಫಾಸರು 609ರ ಸುಮಾರಿಗೆ ಮೇ 13ರಂದು ಕನ್ಯಾಮರಿಯಮ್ಮನವರಿಗೂ ಸಕಲ ಹುತಾತ್ಮರಿಗೂ ಪ್ರತಿಷ್ಠೆ ಮಾಡಿದರು. ಮುಂದೆ 731ರಿಂದ 741ರವರೆಗೆ ಜಗದ್ಗುರುವಾಗಿದ್ದ 3ನೆಯ ಗ್ರೆಗೊರಿಯವರು ಸಂತ ಪೇತ್ರರ ದೇವಾಲಯದಲ್ಲಿ ಪ್ರೇಷಿತರು, ಹುತಾತ್ಮರು, ವಿಶ್ವಾಸನಿವೇದಕರು ಹಾಗೂ ಸಕಲ ನೀತಿವಂತರ ಹೆಸರಿನಲ್ಲಿ ಒಂದು ಪ್ರಾರ್ಥನಾಲಯವನ್ನು ಕಟ್ಟಿಸಿದರು. ಇವರು ಸಿರಿಯಾ ಮೂಲದವರೆಂಬುದನ್ನು ನೆನಪಿನಲ್ಲಿಡಬೇಕು. ‘ಸಕಲ ಹುತಾತ್ಮರು’ ಎಂಬುದು ಹೀಗೆ ‘ಸಕಲ ಸಂತರು’ ಎಂದು ವಿಸ್ತಾರಗೊಂಡಿತು. 800ರ ಹೊತ್ತಿಗೆ ವಿದ್ವಾಂಸ ಆಲ್ಕುಯಿನ್ ಸಾಲ್ಜ್‌ಬರ್ಗಿನ ಮಹಾಧರ್ಮಾಧ್ಯಕ್ಷ ಆರ್ನೋ ಅವರಿಗೆ ಬರೆಯುತ್ತ ನವೆಂಬರ್ 1ರ ಹಬ್ಬವನ್ನು ಪ್ರೋತ್ಸಾಹಿಸಿದರು. 835ರಲ್ಲಿ ಜಗದ್ಗುರು 4ನೆಯ ಗ್ರೆಗೊರಿಯವರ ಸಲಹೆಯಂತೆ ಚಕ್ರವರ್ತಿ ಲೂಯಿ ಅದನ್ನು ತನ್ನ ರಾಜ್ಯದಲ್ಲೆಲ್ಲ ಜಾರಿಗೆ ತಂದನೆಂದು ಅದೇ ಶತಮಾನದ ದಾಖಲೆ ತಿಳಿಸುತ್ತದೆ.

3. ಕೆಲ್ಟಿಕ್ ಮೂಲದ ವಾದ

ಹ್ಯಾಲೋವೀನ್ ಐರ್ಲೆಂಡಿನ ಕೆಲ್ಟ್ ಜನರ ‘ಸೌವಿನ್’ ಎಂಬ ಹಬ್ಬದ ಮರುರೂಪವೆಂದೂ, ಧರ್ಮಸಭೆ ಅದರ ಮೇಲೆ ಸಂತರ ಹೆಸರನ್ನು ಹೊದಿಸಿತೆಂದೂ ಹೇಳುವುದು ಇಂದು ಸಾಮಾನ್ಯ. ಸೌವಿನ್ ಎಂಬ ಹಬ್ಬ ಇದ್ದುದು ನಿಜ. ಅದು ಬೇಸಗೆ ಮುಗಿದು ಚಳಿಗಾಲ ಕಾಲಿಡುವ ಸಂಧಿಯ ಹಬ್ಬ. ಆದರೆ ಅದರ ಬಗೆಗೆ ನಮಗೆ ದೊರೆತಿರುವ ಐರಿಷ್ ಬರಹಗಳೆಲ್ಲ ಕ್ರೈಸ್ತಕಾಲದಲ್ಲಿ ಬರೆದಿಟ್ಟವು. ಅವು ಸಭೆ, ಔತಣ, ಅದ್ಭುತ ಕಥೆಗಳ ಬಗೆಗೆ ಹೇಳುತ್ತವೆಯೇ ಹೊರತು ಸತ್ತವರನ್ನು ಆರಾಧಿಸುವ ವಿಧಿಯನ್ನು ವಿವರಿಸುವುದಿಲ್ಲ. ಅದು ಮೃತರ ಹಬ್ಬವೆಂಬ ಕಲ್ಪನೆ ಜನಪ್ರಿಯವಾದುದು 19ನೆಯ ಶತಮಾನದ ಕೊನೆಯಲ್ಲಿ ಜೇಮ್ಸ್ ಫ್ರೇಜರರಂಥ ವಿದ್ವಾಂಸರಿಂದ. ಅವರು ನಂತರದ ಕಾಲದ ಗ್ರಾಮೀಣ ಆಚರಣೆಗಳನ್ನು ನೋಡಿ ಹಿಂದಿನದನ್ನು ಊಹಿಸಿದರು. ಆದರೆ ಆ ಆಚರಣೆಗಳು ಅದಾಗಲೇ ಶತಮಾನಗಳ ಕಾಲ ನವೆಂಬರ್ 2ರ ಪ್ರಭಾವಕ್ಕೆ ಒಳಗಾಗಿದ್ದವು.

ಇಲ್ಲಿ ಎರಡು ಅತಿಗಳಿಂದಲೂ ದೂರವಿರಬೇಕು. ಅಕ್ಟೋಬರ್ ಕೊನೆಯ ಜನಪದ ಆಚರಣೆಗಳಲ್ಲಿ ಕ್ರೈಸ್ತವಲ್ಲದ ಅಂಶವೇ ಇಲ್ಲವೆಂದು ಸಾಧಿಸಬೇಕಿಲ್ಲ. ಯಾವ ನಾಡಿನ ಯಾವ ಹಬ್ಬದಲ್ಲಿಯೂ ಋತು ಮತ್ತು ಬೆಳೆಯ ವಾಸನೆ ಇದ್ದೇ ಇರುತ್ತದೆ. ಹಾಗೆಂದು ಹಬ್ಬದ ಹುಟ್ಟೇ ಅಲ್ಲಿದೆ ಎನ್ನುವಂತೆಯೂ ಇಲ್ಲ. ರೋಮಿನಲ್ಲಿಯೂ ಎದೆಸ್ಸದಲ್ಲಿಯೂ ಅಂತಿಯೋಕ್ಯದಲ್ಲಿಯೂ ಹುತಾತ್ಮರನ್ನು ಸ್ಮರಿಸಿದವರಿಗೆ ಐರ್ಲೆಂಡಿನ ಸೌವಿನ್ ಮಾದರಿಯಾಗಿರಲಿಲ್ಲ.

4. ಒಂದೇ ಜಿಲ್ಲೆ, ಎರಡು ಪಂಚಾಂಗ

ಇದಕ್ಕೆ ಸಾಕ್ಷಿ ಹುಡುಕಲು ಯುರೋಪಿಗೆ ಹೋಗಬೇಕಾಗಿಲ್ಲ; ಮಂಡ್ಯ ಜಿಲ್ಲೆಯೇ ಸಾಕು. ಇಲ್ಲಿ ಲತೀನ್ ವಿಧಿಯ ಮೈಸೂರು ಧರ್ಮಪ್ರಾಂತ್ಯದ ವಿಶ್ವಾಸಿಗಳಿದ್ದಾರೆ. 2010ರಲ್ಲಿ ಸ್ಥಾಪಿತವಾದ ಸೀರೋ-ಮಲಬಾರ್ ಮಂಡ್ಯ ಧರ್ಮಪ್ರಾಂತ್ಯದವರೂ ಇದ್ದಾರೆ. ಎರಡೂ ಕಥೋಲಿಕ ಸಭೆಗಳೇ. ಜಗದ್ಗುರುವಿನೊಡನೆ ಎರಡಕ್ಕೂ ಪೂರ್ಣ ಐಕ್ಯವಿದೆ. ಆದರೆ ಸೀರೋ-ಮಲಬಾರ್ ಸಭೆ ಪಡೆದುಕೊಂಡಿರುವ ಪೂರ್ವ ಸಿರಿಯಕ್ ಪರಂಪರೆಯಲ್ಲಿ ಹುತಾತ್ಮರ ಹಾಗೂ ವಿಶ್ವಾಸನಿವೇದಕರ ಸ್ಮರಣೆ ಬರುವುದು ಪಾಸ್ಖ ಹಬ್ಬದ ನಂತರದ ಮೊದಲ ಶುಕ್ರವಾರ. ಸಕಲ ಮೃತರ ಸ್ಮರಣೆ ಬರುವುದು ದೆನ್ಹಾ ಕಾಲದ ಕೊನೆಯ ಶುಕ್ರವಾರ, ಅಂದರೆ ತಪಸ್ಸುಕಾಲದ ಹೊಸ್ತಿಲಲ್ಲಿ. ಲತೀನ್ ಸಂಪರ್ಕದಿಂದ ನವೆಂಬರಿನ ಪ್ರಾರ್ಥನೆಗಳೂ ಅವರಲ್ಲಿ ರೂಢಿಯಲ್ಲಿವೆ.

ಇದರಿಂದ ಒಂದು ತತ್ವ ಸ್ಪಷ್ಟವಾಗುತ್ತದೆ. ಸಂತರ ಹಬ್ಬದ ಅರ್ಥ ತಾರೀಖಿನಲ್ಲಿಲ್ಲ, ಪಾಸ್ಖ ರಹಸ್ಯದಲ್ಲಿದೆ. ಕ್ರಿಸ್ತರು ಪುನರುತ್ಥಾನರಾದ ವಾರದಲ್ಲಿಯೇ ಹುತಾತ್ಮರನ್ನು ನೆನೆಯುವ ಪೂರ್ವದ ಕ್ರಮ, ನವೆಂಬರಿನ ಹಬ್ಬವನ್ನು ಓದುವ ಕ್ರಮವನ್ನು ನಮಗೆ ಕಲಿಸುತ್ತದೆ. ಸಂತರೆಂದರೆ ಕ್ರಿಸ್ತರ ಗೆಲುವು ತನ್ನಲ್ಲಿ ಪೂರ್ಣಗೊಳ್ಳಲು ಎಡೆಗೊಟ್ಟವರು. ಪ್ರಕಟನಾ ಗ್ರಂಥದ 7ನೆಯ ಅಧ್ಯಾಯದ ಎಣಿಸಲಾಗದ ಜನಸ್ತೋಮವನ್ನೂ ಮತ್ತಾಯನ 5ನೆಯ ಅಧ್ಯಾಯದ ಭಾಗ್ಯವಚನಗಳನ್ನೂ ಆ ದಿನದ ವಾಚನಗಳಾಗಿ ಧರ್ಮಸಭೆ ಆರಿಸಿಕೊಂಡಿರುವುದು ಇದೇ ಕಾರಣದಿಂದ. ಬಲಿಪೀಠದ ಮೇಲೆ ಪ್ರತಿಮೆಯಾಗಿ ನಿಂತವರು ಕೆಲವರು ಮಾತ್ರ. ಉಳಿದವರು ದೀನರು, ದುಃಖಿಗಳು, ನೀತಿಗಾಗಿ ಹಸಿದವರು, ಹೆಸರಿಲ್ಲದವರು.

5. ನವೆಂಬರ್ 2: ಇನ್ನೂ ದಾರಿಯಲ್ಲಿರುವವರು

ಸಂತರನ್ನು ಕೊಂಡಾಡಿದ ಮೇಲೆ ಇನ್ನೂ ಪೂರ್ಣ ಶುದ್ಧರಾಗದೆ ಅಗಲಿದವರ ನೆನಪಾಗುವುದು ಸಹಜ. 994ರಿಂದ 1049ರವರೆಗೆ ಕ್ಲೂನಿ ಮಠದ ಅಧಿಪತಿಯಾಗಿದ್ದ ಸಂತ ಓದಿಲೋ ತಮ್ಮ ಅಧೀನದ ಮಠಗಳಲ್ಲೆಲ್ಲ ಸಕಲ ಸಂತರ ಹಬ್ಬದ ಮರುದಿನ ಮೃತರಿಗಾಗಿ ಪ್ರಾರ್ಥನೆ, ಬಲಿಪೂಜೆ ಮತ್ತು ಬಡವರಿಗೆ ದಾನ ನಡೆಯಬೇಕೆಂದು ವಿಧಿಸಿದರು. ಆ ಪದ್ಧತಿ ಕ್ರಮೇಣ ಲತೀನ್ ಸಭೆಯನ್ನೆಲ್ಲ ವ್ಯಾಪಿಸಿತು. 1915ರಲ್ಲಿ, ಮೊದಲ ಮಹಾಯುದ್ಧದ ನಡುವೆ, ಜಗದ್ಗುರು 15ನೆಯ ಬೆನೆಡಿಕ್ಟರು ಆ ದಿನ ಪ್ರತಿಯೊಬ್ಬ ಯಾಜಕನೂ ಮೂರು ಬಲಿಪೂಜೆಗಳನ್ನು ಅರ್ಪಿಸಲು ಅನುಮತಿಯಿತ್ತರು.

ಇದರ ಆಧಾರ ಪವಿತ್ರಗ್ರಂಥದಲ್ಲಿದೆ. ಮಕ್ಕಬಿಯರ ಎರಡನೆಯ ಗ್ರಂಥದ 12ನೆಯ ಅಧ್ಯಾಯದಲ್ಲಿ ಯೂದನು ಯುದ್ಧದಲ್ಲಿ ಮಡಿದ ತನ್ನ ಯೋಧರ ಪಾಪಪರಿಹಾರಕ್ಕಾಗಿ ಜೆರುಸಲೇಮಿಗೆ ಕಾಣಿಕೆ ಕಳುಹಿಸುತ್ತಾನೆ. ಆ ಯೋಧರು ನಿರ್ದೋಷಿಗಳಲ್ಲ; ಅವರ ಅಂಗಿಗಳ ಕೆಳಗೆ ವಿಗ್ರಹಗಳಿಗೆ ಸಂಬಂಧಿಸಿದ ತಾಯತಗಳು ಸಿಕ್ಕಿದ್ದವು. ಆದರೂ ಪುನರುತ್ಥಾನದ ಮೇಲಿನ ನಂಬಿಕೆ ಅವನನ್ನು ಪ್ರಾರ್ಥನೆಗೆ ಪ್ರೇರೇಪಿಸಿತು. ಶುದ್ಧೀಕರಣ ಸ್ಥಳದ ಬೋಧನೆಯನ್ನು 1563ರಲ್ಲಿ ದೃಢಪಡಿಸಿದ ತ್ರೆಂತ್ ಮಹಾಸಭೆ, ಅದೇ ಆಜ್ಞೆಯಲ್ಲಿ ಇನ್ನೊಂದನ್ನೂ ಹೇಳಿತು: ಈ ವಿಷಯದಲ್ಲಿ ಬರಿಯ ಕುತೂಹಲ, ಮೂಢನಂಬಿಕೆ, ಹಣದಾಸೆ ಇವುಗಳಿಗೆ ಅವಕಾಶ ಕೊಡಕೂಡದು. ಇಂದಿನ ಹ್ಯಾಲೋವೀನಿನ ದೋಷಗಳನ್ನು ಇದಕ್ಕಿಂತ ಸಂಕ್ಷೇಪವಾಗಿ ಹೇಳುವುದು ಕಷ್ಟ.

ಎರಡನೆಯ ವ್ಯಾಟಿಕನ್ ಮಹಾಸಭೆ 1964ರಲ್ಲಿ ಧರ್ಮಸಭೆಯನ್ನು ಕುರಿತ ತನ್ನ ಸಂವಿಧಾನದ 7ನೆಯ ಅಧ್ಯಾಯದಲ್ಲಿ ಈ ಎರಡು ದಿನಗಳನ್ನು ಒಂದೇ ದೃಷ್ಟಿಯಲ್ಲಿ ಕಾಣಲು ಕಲಿಸಿತು. ಭೂಮಿಯಲ್ಲಿ ಯಾತ್ರಿಕರಾಗಿರುವವರು, ಶುದ್ಧಿ ಹೊಂದುತ್ತಿರುವವರು, ಮಹಿಮೆಯಲ್ಲಿರುವವರು ಎಲ್ಲರೂ ಒಂದೇ ಶರೀರ. ವಿಶ್ವಾಸ ಪ್ರಮಾಣದಲ್ಲಿ ನಾವು ಒಪ್ಪಿಕೊಳ್ಳುವ ಸಂತರ ಅನ್ಯೋನ್ಯತೆ ಎಂದರೆ ಇದೇ. ಆದ್ದರಿಂದ ಅಕ್ಟೋಬರ್ 31ರ ಸಂಜೆಯಿಂದ ನವೆಂಬರ್ 2ರವರೆಗಿನ ಅವಧಿ ಒಂದೇ ಆಚರಣೆಯ ಮೂರು ಹಂತಗಳು. ಮೊದಲ ಸಂಜೆಯನ್ನು ಉಳಿದೆರಡರಿಂದ ಕತ್ತರಿಸಿದಾಗ ಮಾತ್ರ ಅದು ಕೇವಲ ದೆವ್ವದ ಹಬ್ಬವಾಗಿ ತೋರುತ್ತದೆ.

6. ವೇಷ ಮತ್ತು ದೀಪ

ಇಂಗ್ಲೆಂಡಿನಲ್ಲಿ ಈ ದಿನಗಳಲ್ಲಿ ಬಡವರೂ ಮಕ್ಕಳೂ ಮನೆಮನೆಗೆ ಹೋಗಿ, ಆ ಮನೆಯ ಮೃತರಿಗಾಗಿ ಪ್ರಾರ್ಥಿಸುವುದಾಗಿ ಹೇಳಿ, ‘ಆತ್ಮದ ರೊಟ್ಟಿ’ ಎಂಬ ಸಣ್ಣ ಸಿಹಿರೊಟ್ಟಿಗಳನ್ನು ಪಡೆಯುತ್ತಿದ್ದರು. ಪ್ರೊಟೆಸ್ಟಂಟ್ ಸುಧಾರಣೆಯವರು ಮೃತರಿಗಾಗಿ ಪ್ರಾರ್ಥಿಸುವುದನ್ನು ತಿರಸ್ಕರಿಸಿದ ಮೇಲೆ ಪ್ರಾರ್ಥನೆ ಹೋಯಿತು, ರೊಟ್ಟಿ ಉಳಿಯಿತು. ಐರ್ಲೆಂಡಿನಲ್ಲಿ ಟರ್ನಿಪ್ ಗಡ್ಡೆಯನ್ನು ಕೊರೆದು ದೀಪ ಮಾಡುತ್ತಿದ್ದರು. 1840ರ ದಶಕದ ಬರಗಾಲದಲ್ಲಿ ಲಕ್ಷಾಂತರ ಐರಿಷರು ಅಮೆರಿಕಕ್ಕೆ ವಲಸೆ ಹೋದಾಗ ಈ ಪದ್ಧತಿಗಳೂ ಜೊತೆಗೆ ಹೋದವು. ಗಡ್ಡೆಯ ಬದಲು ಅಲ್ಲಿ ಸುಲಭವಾಗಿ ದೊರೆಯುವ ಕುಂಬಳಕಾಯಿ ಬಂದಿತು. 20ನೆಯ ಶತಮಾನದಲ್ಲಿ ಮಿಠಾಯಿ ಮತ್ತು ವೇಷಭೂಷಣದ ವ್ಯಾಪಾರ, ಆನಂತರ ಭಯಾನಕ ಚಲನಚಿತ್ರಗಳು ಅದಕ್ಕೆ ಇಂದಿನ ರೂಪ ಕೊಟ್ಟವು. ನಮ್ಮ ನಗರಗಳಿಗೆ ಬಂದಿರುವುದು ಈ ಕೊನೆಯ ರೂಪ. ಅದರಲ್ಲಿ ಸಾವು ಇದೆ, ಸತ್ತವರಿಲ್ಲ. ಮುಖವಾಡದ ಹಿಂದೆ ಯಾರ ಹೆಸರೂ ಇಲ್ಲ, ಯಾರಿಗಾಗಿಯೂ ಪ್ರಾರ್ಥನೆ ಇಲ್ಲ.

7. ಶ್ರೀರಂಗಪಟ್ಟಣದ ಮೃತರು

ಮೃತರ ಹೆಸರಿನ ಪ್ರಶ್ನೆ ಶ್ರೀರಂಗಪಟ್ಟಣದಲ್ಲಿ ತೀರ ಹತ್ತಿರದ್ದು. ಈ ದ್ವೀಪನಗರದಲ್ಲಿ ಕ್ರೈಸ್ತ ವಿಶ್ವಾಸದ ಇತಿಹಾಸ ಹಳೆಯದು. 17ನೆಯ ಶತಮಾನದ ನಡುವೆ, ಕಂಠೀರವ ನರಸರಾಜ ಒಡೆಯರ ಆಳ್ವಿಕೆಯಲ್ಲಿ, ಇಟಲಿಯ ಯೇಸುಸಭೆಯ ಗುರು ಲಿಯೊನಾರ್ಡೊ ಚಿನ್ನಮಿ ಇಲ್ಲಿ ಮೈಸೂರು ಮಿಷನ್ನನ್ನು ಆರಂಭಿಸಿ ಕನ್ನಡ ಕಲಿತು ಕನ್ನಡದಲ್ಲಿಯೇ ಧರ್ಮೋಪದೇಶ ಬರೆದರು. ಸುಮಾರು ಒಂದೂಕಾಲು ಶತಮಾನದ ನಂತರ, 1784ರಲ್ಲಿ, ಇಂಗ್ಲಿಷರೊಡನೆ ಕೂಡಿದರೆಂಬ ಸಂಶಯದ ಮೇಲೆ ಟಿಪ್ಪು ಸುಲ್ತಾನನು ಕೆನರಾದ ಕಥೋಲಿಕರನ್ನು ಸೆರೆಹಿಡಿಸಿ ಘಟ್ಟ ಹತ್ತಿಸಿ ಇಲ್ಲಿಗೆ ಕರೆತರಿಸಿದನು. ಅವರ ಸಂಖ್ಯೆಯನ್ನು ಒಬ್ಬೊಬ್ಬ ಇತಿಹಾಸಕಾರರು ಒಂದೊಂದು ರೀತಿ ಹೇಳುತ್ತಾರೆ. ಹತ್ತಾರು ಸಾವಿರವೆಂಬುದರಲ್ಲಿ ಅನುಮಾನವಿಲ್ಲ. ದಾರಿಯಲ್ಲಿಯೂ ಸೆರೆಯಲ್ಲಿಯೂ ಬಹು ಮಂದಿ ಸತ್ತರು. ಬಹು ಮಂದಿ ಬಲವಂತಕ್ಕೆ ಮಣಿದು ಧರ್ಮ ಬದಲಿಸಿದರು. 1799ರ ಮೇ 4ರಂದು ಕೋಟೆ ಬಿದ್ದಾಗ ಉಳಿದವರಿಗೆ ಬಿಡುಗಡೆಯಾಯಿತು.

ಕೋಟೆ ಬಿದ್ದ ನಂತರ ಇಲ್ಲಿ ನೆಲೆಸಿದ ಸೇನೆಯ ಐರೋಪ್ಯ ಅಧಿಕಾರಿಗಳೂ ಸೈನಿಕರೂ ಅವರ ಮಡದಿ ಮಕ್ಕಳೂ ಕಾವೇರಿಯ ಬಳಿಯ ಗ್ಯಾರಿಸನ್ ಸ್ಮಶಾನದಲ್ಲಿ ಮಲಗಿದ್ದಾರೆ. ಸ್ವಿಟ್ಜರ್ಲೆಂಡಿನ ದ ಮ್ಯೂರಾನ್ ಪಡೆಯವರ ಗೋರಿಗಳೂ ಅಲ್ಲಿವೆ. ಅಲ್ಲಿನ ಕಲ್ಲುಗಳ ಮೇಲೆ ಹೆಸರು, ಪದವಿ, ಮರಣದ ತಾರೀಖುಗಳನ್ನು ಇಂದಿಗೂ ಓದಬಹುದು. ಅತ್ತ ಪಾಂಡವಪುರ, ಅಂದರೆ ಹಿಂದಿನ ಹಿರೋಡೆ, ಟಿಪ್ಪುವಿನ ಕಾಲದಲ್ಲಿ ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದ ಕಾರಣ ಬಹುಕಾಲ ಫ್ರೆಂಚ್ ರಾಕ್ಸ್ ಎಂಬ ಹೆಸರನ್ನೇ ಹೊತ್ತಿತ್ತು. ಸೆರೆಯಲ್ಲಿ ಸತ್ತ ಕೆನರಾದ ರೈತರಿಗೂ ಹೆಂಗಸರಿಗೂ ಮಕ್ಕಳಿಗೂ ಇಂಥ ಕಲ್ಲೂ ಇಲ್ಲ, ಹೆಸರೂ ಇಲ್ಲ.

ಇವರನ್ನು ನಾವು ನವೆಂಬರ್ 1ರಂದು ನೆನೆಯಬೇಕೇ, 2ರಂದೇ? ಮೊದಲ ನೋಟಕ್ಕೆ ಅಲ್ಪವೆನಿಸಿದರೂ ಈ ಪ್ರಶ್ನೆಯಲ್ಲಿ ಎರಡು ಹಬ್ಬಗಳ ದೈವಶಾಸ್ತ್ರವೇ ಇದೆ. ಕೋಟೆ ಬಿದ್ದ ಮೇಲೆ ಚದುರಿದ ಕ್ರೈಸ್ತ ಸಮುದಾಯವನ್ನು ಪುನಃ ಕಟ್ಟಲು ಬಂದವರು ಪ್ಯಾರಿಸ್ ವಿದೇಶ ಮಿಷನ್ನಿನ ಅಬ್ಬೆ ದ್ಯುಬುವಾ. ಜನ ಅವರನ್ನು ದೊಡ್ಡಸ್ವಾಮಿ ಎಂದು ಕರೆದರು; ಗಂಜಾಂನ ದೇವಾಲಯ ಇಂದಿಗೂ ಅವರ ಹೆಸರಿನೊಡನೆ ನೆನಪಾಗುತ್ತದೆ. 1823ರಲ್ಲಿ ಭಾರತ ಬಿಟ್ಟ ವರ್ಷವೇ ಪ್ರಕಟವಾದ ತಮ್ಮ ಪತ್ರಗಳಲ್ಲಿ ಅವರು, ಅಷ್ಟು ಸಾವಿರ ಜನರಲ್ಲಿ ಒಬ್ಬನಾದರೂ ವಿಶ್ವಾಸಕ್ಕಾಗಿ ಪ್ರಾಣ ಕೊಡುವ ಧೈರ್ಯ ತೋರಲಿಲ್ಲವೆಂದು ಕಟುವಾಗಿ ಬರೆದರು. ಮಂಗಳೂರಿನ ಕಥೋಲಿಕರ ಪರಂಪರೆಯಾದರೋ ಹಿಂಸೆಯಲ್ಲಿಯೂ ಅಚಲರಾಗಿ ನಿಂತು ಮಡಿದವರನ್ನು ಗೌರವದಿಂದ ನೆನೆಯುತ್ತದೆ. ಇತಿಹಾಸದ ಈ ಭಿನ್ನಾಭಿಪ್ರಾಯವನ್ನು ದೈವಾರಾಧನೆ ತೀರ್ಮಾನಿಸುವುದಿಲ್ಲ; ತೀರ್ಮಾನಿಸಬೇಕಾಗಿಯೂ ಇಲ್ಲ. ಧರ್ಮಸಭೆ ವಿಧಿಪೂರ್ವಕವಾಗಿ ಘೋಷಿಸದವರಿಗೆ ಸಾರ್ವಜನಿಕವಾಗಿ ಸಂತರ ಗೌರವ ಸಲ್ಲಿಸಬಾರದೆಂಬುದು 17ನೆಯ ಶತಮಾನದಲ್ಲಿ ಜಗದ್ಗುರು 8ನೆಯ ಉರ್ಬಾನುಸರು ವಿಧಿಸಿದ ಕಟ್ಟಳೆ. ಆದರೆ ದೇವರಿಗೆ ಮಾತ್ರ ತಿಳಿದ ಸಂತರಿಗಾಗಿಯೇ ನವೆಂಬರ್ 1 ಇದೆ. ಸೆರೆಯಲ್ಲಿ ಯಾರಾದರೂ ಕೊನೆಯ ಉಸಿರಿನವರೆಗೆ ಕ್ರಿಸ್ತರನ್ನು ಬಿಡದಿದ್ದರೆ, ಆ ದಿನ ಅವರ ದಿನವೇ.

ಹಾಗಾದರೆ ಮಣಿದವರು? 250ರಲ್ಲಿ ಡೇಸಿಯುಸ್ ಚಕ್ರವರ್ತಿಯ ಹಿಂಸೆಯಲ್ಲಿ ಬಿದ್ದುಹೋದವರ ಬಗೆಗೆ ಕಾರ್ಥೇಜಿನ ಸಭೆಯಲ್ಲಿ ಇದೇ ಪ್ರಶ್ನೆ ಎದ್ದಿತ್ತು. ಅವರಿಗೆ ಮರುಪ್ರವೇಶವೇ ಇಲ್ಲವೆಂದವರು ಕೆಲವರು. ಯಾವ ಪ್ರಾಯಶ್ಚಿತ್ತವೂ ಬೇಡವೆಂದವರು ಕೆಲವರು. ಧರ್ಮಾಧ್ಯಕ್ಷ ಸಿಪ್ರಿಯಾನರು ಪ್ರಾಯಶ್ಚಿತ್ತದ ಮೂಲಕ ಮರಳುವ ನಡುದಾರಿಯನ್ನು ತೋರಿದರು; ಮುಂದೆ 258ರಲ್ಲಿ ತಾವೇ ಹುತಾತ್ಮರಾದರು. ಶ್ರೀರಂಗಪಟ್ಟಣದಲ್ಲಿಯೂ 1799ರ ನಂತರ ಮರಳಿ ಬಂದವರನ್ನು ದ್ಯುಬುವಾ ಸಭೆಗೆ ಸೇರಿಸಿಕೊಂಡರು. ಲೇಖನಿ ಕಟುವಾಗಿದ್ದರೂ ಯಾಜಕನ ಕೈ ಬಾಗಿಲು ಮುಚ್ಚಲಿಲ್ಲ. ಮರಳಲು ಅವಕಾಶವಾಗದೆ, ಅಂಜಿಕೆಯಲ್ಲಿ, ಬಹುಶಃ ಒಳಗೊಳಗೇ ಜಪಸರದ ಮಾತುಗಳನ್ನು ನೆನೆಯುತ್ತ ಸತ್ತವರಿಗಾಗಿ ನವೆಂಬರ್ 2 ಇದೆ. ಯೂದನ ಯೋಧರ ಅಂಗಿಯ ಕೆಳಗೆ ತಾಯತವಿದ್ದಿತೆಂಬುದನ್ನು ಇಲ್ಲಿ ಮತ್ತೆ ನೆನೆಯಬಹುದು. ಧೀರರಿಗೊಂದು ದಿನ, ದುರ್ಬಲರಿಗೊಂದು ದಿನ; ಇಬ್ಬರನ್ನೂ ಕಳೆದುಕೊಳ್ಳದ ತಾಯಿ ಧರ್ಮಸಭೆ. ಈ ಸ್ಮರಣೆ ಇಂದಿನ ಯಾವ ಸಮುದಾಯದ ಮೇಲಿನ ದ್ವೇಷಕ್ಕೂ ಆಯುಧವಾಗಬಾರದೆಂಬುದನ್ನು ಬೇರೆ ಹೇಳಬೇಕಿಲ್ಲ. ಮೃತರಿಗಾಗಿ ಮಾಡುವ ಪ್ರಾರ್ಥನೆ ಜೀವಂತರ ಮೇಲಿನ ಹಗೆಯೊಡನೆ ಕೂಡಿ ನಿಲ್ಲಲಾರದು.

8. ಎಡೆ ಮತ್ತು ಬಲಿಪೀಠ

ಇನ್ನು ಪಿತೃಪಕ್ಷದ ನೆರೆಹೊರೆಯ ಮಾತು. ಸತ್ತ ಹಿರಿಯರಿಗೆ ಅವರು ಇಷ್ಟಪಡುತ್ತಿದ್ದ ಅಡುಗೆ ಮಾಡಿ ಬಡಿಸುವುದರಲ್ಲಿ ಕೃತಜ್ಞತೆ ಇದೆ, ಪ್ರೀತಿ ಇದೆ. 1965ರ ಅಕ್ಟೋಬರ್ 28ರಂದು ಎರಡನೆಯ ವ್ಯಾಟಿಕನ್ ಮಹಾಸಭೆ ಹೊರಡಿಸಿದ ಕ್ರೈಸ್ತೇತರ ಧರ್ಮಗಳ ಬಗೆಗಿನ ಘೋಷಣೆ, ಅವುಗಳಲ್ಲಿರುವ ಸತ್ಯವನ್ನೂ ಪವಿತ್ರವಾದುದನ್ನೂ ಧರ್ಮಸಭೆ ತಿರಸ್ಕರಿಸುವುದಿಲ್ಲವೆಂದು ಸಾರಿತು. ಹಾಗಾದರೆ ಕಥೋಲಿಕ ಮನೆಯಲ್ಲಿಯೂ ಎಡೆ ಇಡಬಹುದೇ?

ಈ ಪ್ರಶ್ನೆಯೂ ಹೊಸದಲ್ಲ. ಸಂತ ಅಗಸ್ಟಿನರ ತಾಯಿ ಮೋನಿಕಾ ಆಫ್ರಿಕದ ರೂಢಿಯಂತೆ ಮಿಲಾನ್ ನಗರದಲ್ಲಿಯೂ ಹುತಾತ್ಮರ ಸಮಾಧಿಗಳಿಗೆ ರೊಟ್ಟಿ, ಗಂಜಿ, ದ್ರಾಕ್ಷಾರಸ ಕೊಂಡೊಯ್ದಳು. ದ್ವಾರಪಾಲಕ ತಡೆದ. ಅದನ್ನು ನಿಷೇಧಿಸಿದವರು ಧರ್ಮಾಧ್ಯಕ್ಷ ಅಂಬ್ರೋಸರೆಂದು ತಿಳಿದೊಡನೆ ಆಕೆ ಮರುಮಾತಿಲ್ಲದೆ ಒಪ್ಪಿದಳು. ಆ ಪದ್ಧತಿ ಕುಡಿತಕ್ಕೆ ಅವಕಾಶವೀಯುತ್ತಿತ್ತು. ರೋಮನರು ಪಿತೃಗಳಿಗೆ ಸಲ್ಲಿಸುತ್ತಿದ್ದ ವಾರ್ಷಿಕ ವಿಧಿಯನ್ನು ಬಹುಮಟ್ಟಿಗೆ ಹೋಲುತ್ತಿತ್ತು. ಮುಂದೆ ಆಕೆ ಬುಟ್ಟಿಯ ಬದಲು ಪ್ರಾರ್ಥನೆ ತುಂಬಿದ ಹೃದಯವನ್ನು ಸಮಾಧಿಗೆ ಕೊಂಡೊಯ್ದು, ಕೈಲಾದುದನ್ನು ಬಡವರಿಗೆ ಕೊಟ್ಟಳೆಂದು ಮಗನು ಬರೆದಿದ್ದಾನೆ.

ವ್ಯತ್ಯಾಸವಿರುವುದು ಇಲ್ಲಿಯೇ. ಎಡೆಯಲ್ಲಿ ನಾವು ಮೃತರಿಗೆ ಅರ್ಪಿಸುತ್ತೇವೆ. ಬಲಿಪೂಜೆಯಲ್ಲಿ ಮೃತರಿಗಾಗಿ ದೇವರಿಗೆ ಅರ್ಪಿಸುತ್ತೇವೆ. ಎಡೆಯ ಹಿಂದೆ ಹಿರಿಯರು ಹಸಿದಾರು, ಮುನಿದಾರು ಎಂಬ ಅಳುಕೂ ಹಲವೊಮ್ಮೆ ಇರುತ್ತದೆ. ಕ್ರೈಸ್ತನ ಮೃತರು ಹಸಿದಿರುವುದು ಅನ್ನಕ್ಕಾಗಿ ಅಲ್ಲ, ದೇವರ ದರ್ಶನಕ್ಕಾಗಿ. ಆದ್ದರಿಂದ ಎಡೆಯ ಅನ್ನ ನಮ್ಮಲ್ಲಿ ಬಡವನ ತಟ್ಟೆಗೆ ಹೋಗುತ್ತದೆ. ಹೆಸರು ಬಲಿಪೀಠಕ್ಕೆ ಹೋಗುತ್ತದೆ. ನೆರೆಯವರ ಪ್ರೀತಿಯನ್ನು ಹೀಯಾಳಿಸದೆ ಈ ವ್ಯತ್ಯಾಸವನ್ನು ತಿಳಿಸಲು ಮೋನಿಕಾಳ ಕಥೆಗಿಂತ ಒಳ್ಳೆಯ ಪಾಠವಿಲ್ಲ.

ಸಮಾಧಿಯೇ ಇಲ್ಲದವರ ವಿಷಯದಲ್ಲಿಯೂ ಆಕೆಯೇ ಗುರು. 387ರಲ್ಲಿ ಓಸ್ತಿಯದಲ್ಲಿ, ತಾಯ್ನಾಡಿನಿಂದ ದೂರದಲ್ಲಿ ಸಾಯುವಾಗ, ತನ್ನ ದೇಹವನ್ನು ಎಲ್ಲಿ ಹೂಳಿದರೂ ಚಿಂತೆಯಿಲ್ಲ, ಪ್ರಭುವಿನ ಬಲಿಪೀಠದ ಬಳಿ ತನ್ನನ್ನು ನೆನೆದರೆ ಸಾಕು ಎಂದಳು. ಕಾವೇರಿಯ ದಡದಲ್ಲಿ ಗುರುತಿಲ್ಲದೆ ಮಣ್ಣಾದವರಿಗೂ ಅಷ್ಟು ಸಾಕು. ಅದನ್ನು ಸಲ್ಲಿಸಬೇಕಾದವರು ನಾವು.

9. ಪಾಲನೆಗೆ ಕೆಲವು ಸೂಚನೆಗಳು

ಮೊದಲನೆಯದಾಗಿ, ವರ್ಜಿಸಬೇಕಾದುದನ್ನು ಸ್ಪಷ್ಟವಾಗಿ ಹೇಳಬೇಕು. ಸತ್ತವರನ್ನು ಕರೆದು ಮಾತನಾಡಿಸುವ ಆಟ, ಭವಿಷ್ಯ ಕೇಳುವುದು, ಮಾಟಮಂತ್ರ ಇವೆಲ್ಲವನ್ನೂ ಧರ್ಮೋಪದೇಶಕಾಂಡದ 18ನೆಯ ಅಧ್ಯಾಯ ನಿಷೇಧಿಸಿದೆ. ಕಥೋಲಿಕ ಧರ್ಮೋಪದೇಶ ಗ್ರಂಥದ 2116ನೆಯ ಪರಿಚ್ಛೇದ ಅದನ್ನೇ ಮತ್ತೆ ಬೋಧಿಸಿದೆ. ಇದರಲ್ಲಿ ತಮಾಷೆಗೂ ಎಡೆಯಿಲ್ಲ. ಆದರೆ ಮಗುವೊಂದು ವೇಷ ಹಾಕಿ ನಕ್ಕಿತೆಂದ ಮಾತ್ರಕ್ಕೆ ಪಾಪದ ಭಯ ಹುಟ್ಟಿಸುವುದೂ ಸರಿಯಲ್ಲ. ಕ್ರಿಸ್ತರು ಸಾವಿನ ಕೊಂಡಿಯನ್ನು ಮುರಿದ ಮೇಲೆ ಅದನ್ನು ನೋಡಿ ನಗುವ ಹಕ್ಕು ಕ್ರೈಸ್ತನಿಗಿದೆ. ಕೇಡನ್ನು ಮೆಚ್ಚುವ ನಗೆ ಬೇರೆ, ಸೋತ ಕೇಡನ್ನು ಕಂಡು ನಗುವುದು ಬೇರೆ. ತಂದೆತಾಯಿಗಳಿಗೆ ಈ ವಿವೇಕವನ್ನು ಕಲಿಸಬೇಕು.

ಎರಡನೆಯದಾಗಿ, ಸಂಜೆಯನ್ನು ಮರಳಿ ಪಡೆಯಬೇಕು. ಅಕ್ಟೋಬರ್ 31ರ ಸಂಜೆ ದೇವಾಲಯದಲ್ಲಿಯೋ ಮನೆಯಲ್ಲಿಯೋ ಸಂಜೆಯ ಪ್ರಾರ್ಥನೆ ಮಾಡಿ, ಭಾಗ್ಯವಚನಗಳನ್ನು ಓದಿ, ಮಕ್ಕಳಿಗೆ ಅವರವರ ನಾಮಸಂತರ ವೇಷ ತೊಡಿಸಿ ಆ ಸಂತರ ಕಥೆಯನ್ನು ಅವರಿಂದಲೇ ಹೇಳಿಸಬಹುದು. ಕೆ.ಆರ್. ಪೇಟೆ, ನಾಗಮಂಗಲಗಳ ಕಡೆ ದೇವಾಲಯ ದೂರವಿರುವ ಕುಟುಂಬಗಳು ಒಂದು ಮನೆಯಲ್ಲಿ ಕೂಡಿದರೂ ಸಾಕು. ಆದಿಸಭೆ ಕೂಡಿದ್ದು ಮನೆಗಳಲ್ಲಿಯೇ.

ಮೂರನೆಯದಾಗಿ, ನವೆಂಬರ್ 1ರಿಂದ 8ರವರೆಗೆ ಸ್ಮಶಾನವನ್ನು ಸಂದರ್ಶಿಸಿ ಮೃತರಿಗಾಗಿ ಪ್ರಾರ್ಥಿಸುವವರಿಗೆ, ಪಾಪನಿವೇದನೆ, ಪರಮಪ್ರಸಾದ ಸ್ವೀಕಾರ, ಜಗದ್ಗುರುವಿನ ಉದ್ದೇಶಗಳಿಗಾಗಿ ಪ್ರಾರ್ಥನೆ ಹಾಗೂ ಪಾಪದ ಮೇಲಿನ ಒಲವನ್ನು ತೊರೆಯುವುದು ಎಂಬ ನಿಬಂಧನೆಗಳ ಮೇಲೆ, ಮೃತರಿಗೆ ಮಾತ್ರ ಸಲ್ಲುವ ಪೂರ್ಣ ದಂಡವಿಮೋಚನೆಯನ್ನು ಧರ್ಮಸಭೆ ನೀಡುತ್ತದೆ. ಆ ದಿನಗಳಲ್ಲಿ ಪ್ರತಿ ಕುಟುಂಬವೂ ತನ್ನ ಮೃತರ ಹೆಸರುಗಳನ್ನು ಬರೆದು ಬಲಿಪೀಠದ ಬಳಿ ಇರಿಸುವ ರೂಢಿಯನ್ನು ಬೆಳೆಸಬಹುದು. ಆ ಹಾಳೆಗಳ ಜೊತೆಗೆ ಏನನ್ನೂ ಬರೆಯದ ಒಂದು ಹಾಳೆಯನ್ನೂ ಇಡಬೇಕು. ಅದು 1784ರಿಂದ 1799ರವರೆಗೆ ಈ ನೆಲದಲ್ಲಿ ಹೆಸರಿಲ್ಲದೆ ಅಳಿದವರದು.

ಆಗ ನಮ್ಮ ಮಗು ನೆರೆಮನೆಯ ಎಡೆಯನ್ನು ಗೌರವದಿಂದ ಕಂಡೀತು, ಅಂಗಡಿಯ ಮುಖವಾಡವನ್ನು ಅಂಜಿಕೆಯಿಲ್ಲದೆ ಕಂಡೀತು, ಸಮಾಧಿಯ ಮೇಲೆ ತಾನು ಹಚ್ಚಿದ ಬತ್ತಿಯ ಅರ್ಥವನ್ನು ಅರಿತೀತು. ಆ ಬತ್ತಿಯನ್ನು ಹಚ್ಚುವುದು ದೆವ್ವವನ್ನು ಓಡಿಸಲೂ ಅಲ್ಲ, ಹಿರಿಯರನ್ನು ಕರೆಯಲೂ ಅಲ್ಲ; ಇಲ್ಲಿ ಮಲಗಿರುವವರನ್ನು ಹೆಸರು ಹಿಡಿದು ಎಬ್ಬಿಸುವ ಪ್ರಭು ಬರುವವರೆಗೆ ಎಚ್ಚರದಿಂದಿದ್ದೇವೆಂದು ಹೇಳಲು.